ಹಿಂದಿನ ಗಾಲಿಯ ನಿಂಬೆಹಣ್ಣು

ಗಾಡಿ ಎಂಬುದು ಮುಂದಕ್ಕೆ ಹೋಗುವ ವಸ್ತು ಎಂದು ಮದುವೆಯಾಗಿ ಬಹಳ ವರ್ಷಗಳವರೆಗೆ ನಾನು ನಂಬಿದ್ದೆ. ನೀವೂ ನಂಬಿರುತ್ತೀರಿ. ನಂಬದೆ ಇರಲು ಕಾರಣವೂ ಇಲ್ಲ. ಮಹಾನವಮಿಯ ದಿನ ಗಾಡಿ ತೊಳೆದು, ವಿಭೂತಿ ಹಚ್ಚಿ, ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತೀರಿ. ಗಾಡಿ ಮುಂದಕ್ಕೆ ಹೋಗುತ್ತದೆ, ಹಣ್ಣು ಪಚ್ಚೆನ್ನುತ್ತದೆ, ದೃಷ್ಟಿ ಹೋಯಿತೆಂದು ಎಲ್ಲರೂ ಒಳಗೆ ಹೋಗಿ ಹೋಳಿಗೆ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಹಣ್ಣನ್ನು ಹಿಂದಿನ ಗಾಲಿಯ ಹಿಂದೆ ಇಟ್ಟು, ಗಾಡಿಯನ್ನು ಹಿಂದಕ್ಕೆ ತಳ್ಳಿ ಒಡೆಯುವ ಪದ್ಧತಿ. ಹೊಸ ನೆಂಟರು ಇದನ್ನು ಕಂಡರೆ ಯಾವುದೋ ಮನೆದೇವರ ಕಟ್ಟಳೆ ಇರಬೇಕೆಂದು ಕೈಮುಗಿಯುತ್ತಾರೆ. ನಾವು ತಿದ್ದಲು ಹೋಗುವುದಿಲ್ಲ. ಕಟ್ಟಳೆಗಳು ಹುಟ್ಟುವುದೇ ಹೀಗಿರಬೇಕು. ಯಾರೋ ಒಂದು ತಪ್ಪು ಮಾಡಿರುತ್ತಾರೆ, ಅವರ ಮೇಲಿನ ಪ್ರೀತಿಗೆ ಉಳಿದವರು ಅದನ್ನೇ ನಡೆಸಿಕೊಂಡು ಬರುತ್ತಾರೆ.

ನಮ್ಮಲ್ಲಿ ಆ ತಪ್ಪು ಮಾಡಿದವರು ನಮ್ಮವರು. ನಮ್ಮವರು ಎಂದರೆ ನನ್ನ ಯಜಮಾನರು. ಗಂಡನ ಹೆಸರು ಹೇಳುವ ರೂಢಿ ನಮ್ಮ ಕಡೆ ಇಲ್ಲ. ಜನಗಣತಿಯವರು ಬಂದು ಕೇಳಿದಾಗ ಪಕ್ಕದ ಮನೆಯವಳನ್ನು ಕರೆದು ಹೇಳಿಸಿದವಳು ನಾನು. ಈಗ ಅವರಿಲ್ಲ. ಹೆಸರು ಬರೆದರೆ ನೋಡುವವರೂ ಇಲ್ಲ. ಆದರೂ ಕೈ ಬರುವುದಿಲ್ಲ, ಆದ್ದರಿಂದ ನಮ್ಮವರು ಎಂದೇ ಇರಲಿ.

ಸಿಂಧನೂರಿನಲ್ಲಿ ಜನ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದೆ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ವೈಂಡಿಂಗ್ ಅಂಗಡಿ ಇಟ್ಟಿದ್ದರು. ನಮ್ಮ ಸೀಮೆಗೆ ಕಾಲುವೆ ಬಂತು, ಕಾಲುವೆಯ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಮೋಟರು ಬಂದವು, ಮೋಟರಿನ ಹಿಂದೆ ಮೋಟರು ಸುಡುವುದೂ ಬಂತು. ಸುಟ್ಟ ತಂತಿಯ ವಾಸನೆ ಅವರ ಅಂಗಿಯಲ್ಲಿ ಎಷ್ಟು ಕೂತಿತ್ತೆಂದರೆ, ನಾನು ಒಲೆಯ ಮೇಲೆ ಪಲ್ಯ ಸೀಯಿಸಿದರೂ ಅವರು ಬಂದರೆಂದೇ ತಿಳಿದು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದೆ.

ಮೋಟರಿನ ವಿದ್ಯೆಯಲ್ಲಿ ನನಗೆ ತಿಳಿದದ್ದು ಒಂದೇ. ಅದು ಸಿಂಧನೂರು ತಾಲೂಕಿನಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಮೋಟರು ಉಲ್ಟಾ ತಿರುಗಿದರೆ, ಬಂದಿರುವ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಬೇಕು, ಸರಿಯಾಗಿ ತಿರುಗುತ್ತದೆ. ಕಂಬದಲ್ಲಿ ಏನೋ ರಿಪೇರಿಯಾಗಿ ಕರೆಂಟು ಮರಳಿದ ದಿನ ಅರ್ಧ ಊರಿನ ಮೋಟರು ಉಲ್ಟಾ ತಿರುಗುತ್ತವೆ. ಆಗ ಹೊಲದಿಂದ ಹೊಲಕ್ಕೆ ಕೂಗು ಹೋಗುತ್ತದೆ, ಎರಡು ವೈರ್ ಬದಲಿ ಮಾಡ್ರೋ ಎಂದು. ನಮ್ಮ ಜನಕ್ಕೆ ಇದು ಗಾದೆಗಿಂತ ಹೆಚ್ಚು. ಸೊಸೆ ಮಾತು ಕೇಳದಿದ್ದರೂ ಇದನ್ನೇ ಹೇಳುವವರಿದ್ದಾರೆ.

ಈಗ ನನ್ನ ಕಥೆಗೆ ಬರುತ್ತೇನೆ. ದಢೇಸುಗೂರಿನ ದಾರಿಯಲ್ಲಿ, ಕಾಲುವೆಯ ಆಚೆ ಒಂದು ಸಣ್ಣ ಹಳ್ಳಿಯಲ್ಲಿ ನನಗೆ ಅಂಗನವಾಡಿ ಟೀಚರ್ ಕೆಲಸ ಸಿಕ್ಕಿತ್ತು. ನಮಗೆ ಮಕ್ಕಳಿರಲಿಲ್ಲ. ಆ ಊರಿನಲ್ಲಿ ಮಾತ್ರ ನನಗೆ ಒಂದು ಕೋಣೆ ತುಂಬ ಮಕ್ಕಳು, ಎಲ್ಲಕ್ಕೂ ಮೂಗು ಸೋರುತ್ತಿತ್ತು. ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಗುತ್ತಿತ್ತು, ಅಲ್ಲಿಂದ ಕಾಲುವೆ ದಂಡೆ ಹಿಡಿದು ನಡೆಯಬೇಕು. ಮೊದಲು ನಡೆಯುತ್ತಿದ್ದೆ. ಒಂದು ಮಳೆಗಾಲ ದಂಡೆಯ ಮೇಲೆ ಜಾರಿ ಬಿದ್ದು ಬಲ ಮಂಡಿ ಪೂರ್ತಿ ಮಡಚದಾಯಿತು. ಆಮೇಲೆ ನಾನು ತಲುಪುವ ಹೊತ್ತಿಗೆ ಮಕ್ಕಳು ಬಾಗಿಲಲ್ಲಿ ಕೂತು ಅತ್ತು, ಅತ್ತು ಮುಗಿಸಿ, ಮನೆಗೆ ಹೋಗಿರುತ್ತಿದ್ದವು. ನಮ್ಮ ಕೆಲಸ ನೋಡಲು ಬರುವ ಮೇಡಂ, ಸೂಪರ್ವೈಜರ್ ಬಾಯಿ, ಒಳ್ಳೆಯವರೇ, ಆದರೆ ಅವರ ಮೇಲೂ ಯಾರೋ ಇದ್ದರು. ಮಹಾನವಮಿ ಮುಗಿದ ಮುಂದಿನ ಸೋಮವಾರದಿಂದ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯಬೇಕು, ಆಗದಿದ್ದರೆ ಆ ಊರಿನವಳೇ ಒಬ್ಬಳು ಈ ಕೆಲಸ ಕೇಳುತ್ತಿದ್ದಾಳೆ ಎಂದು ಹೇಳಿ ಹೋದರು.

ನಾನು ಮನೆಗೆ ಬಂದು ರೊಟ್ಟಿ ಜೋರಾಗಿ ಬಡಿದೆ. ನಮ್ಮವರಿಗೆ ಅಷ್ಟು ಸಾಕಾಯಿತು. ನೀ ಸೈಕಲ್ ಮ್ಯಾಲ ಹೋಗು ಎಂದರು. ಹುಡುಗಿಯಾಗಿದ್ದಾಗ ಲಿಂಗಸುಗೂರಿನಲ್ಲಿ ಅಣ್ಣನ ಸೈಕಲ್ ಕದ್ದು ಕಲಿತವಳು ನಾನು, ಆದರೆ ಈ ಮಂಡಿ ಇಟ್ಟುಕೊಂಡು ತುಳಿಯುವುದು ಹೇಗೆ? ತುಳಿಯುವುದು ಬೇಡ, ಬರೀ ಕೂಡು, ಮೋಟರು ಎಳೆಯುತ್ತದೆ ಎಂದರು. ಮೊಪೆಡ್ಡನ್ನೇ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಮೋಟರ್ ಮೇಸ್ತ್ರಿಯ ಹೆಂಡತಿ ಪೆಟ್ರೋಲಿನ ಮೇಲೆ ಓಡಾಡಿದರೆ, ಕುಂಬಾರನ ಮನೆಗೆ ಸ್ಟೀಲಿನ ಕೊಡ ತಂದಂತೆ ಎಂಬುದು ಅವರ ಉತ್ತರ.

ಹಳೆಯ ಟ್ರ್ಯಾಕ್ಟರಿನ ಡೈನಮೋ ಒಂದು ಲಿಂಗಸುಗೂರಿನ ಗುಜರಿಯಲ್ಲಿ ಸಿಕ್ಕಿತು. ಡೈನಮೋ ಎಂದರೆ ತಿರುಗಿಸಿದರೆ ಕರೆಂಟು ಕೊಡುವಂಥದ್ದು, ಕರೆಂಟು ಕೊಟ್ಟರೆ ತಾನೇ ತಿರುಗುವಂಥದ್ದು. ಕೊಟ್ಟು ತಗೊಳ್ಳುವ ಸ್ವಭಾವ, ಸಂಸಾರಸ್ಥರಿಗೆ ಒಪ್ಪುವ ಯಂತ್ರ. ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ನಮ್ಮವರು ಬಸ್ಸಿನಲ್ಲಿ ಕೂತರು, ಪಕ್ಕದಲ್ಲಿ ನಾನು. ಮಸ್ಕಿಯಲ್ಲಿ ಹತ್ತಿದ ಒಬ್ಬ ಅಜ್ಜಿ ಬಹಳ ಹೊತ್ತು ಟವೆಲನ್ನೇ ನೋಡಿ, ಕೂಸು ಮಲಗೇತೇನಪಾ ಎಂದು ಕೇಳಿದಳು. ನಮ್ಮವರು ಹ್ಞೂಂ ಎಂದರು. ಉಸಿರಾಡುವುದೇ ಕಾಣಿಸುತ್ತಿಲ್ಲವಲ್ಲ ಎಂದು ಅವಳು ಗಾಬರಿಯಾದಾಗ, ಇನ್ನೂ ಕರೆಂಟ್ ಕೊಟ್ಟಿಲ್ಲಬೇ ಎಂದರು. ಅಜ್ಜಿ ಎದ್ದು ಬೇರೆ ಸೀಟಿಗೆ ಹೋದಳು. ಸಿಂಧನೂರು ಬರುವವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ, ನಗುವುದು ಕಾಣಬಾರದೆಂದು.

ಸೈಕಲ್ಲು ತಯಾರಾಯಿತು. ಲೇಡೀಸ್ ಸೈಕಲ್ಲಿನ ಕ್ಯಾರಿಯರ್ ಮೇಲೆ ಟ್ರ್ಯಾಕ್ಟರಿನ ಬ್ಯಾಟರಿ, ಅದರ ಕೆಳಗೆ ಡೈನಮೋ. ಡೈನಮೋದ ಮೂತಿಗೆ ಒಂದು ಕಬ್ಬಿಣದ ಉರುಳೆ, ಆ ಉರುಳೆ ಹಿಂದಿನ ಟೈರನ್ನು ಒತ್ತಿಕೊಂಡು ತಿರುಗಬೇಕು, ಟೈರು ತಿರುಗಿದರೆ ಸೈಕಲ್ಲು ಓಡಬೇಕು. ಕೈಯಲ್ಲಿ ಸಣ್ಣ ಸ್ವಿಚ್ಚು ಇಟ್ಟು ನೋಡಿದರು, ಅದು ಕರಗಿಹೋಯಿತು. ಕೊನೆಗೆ ಯಾವುದೋ ಗಿರಣಿಯಿಂದ ಕಿತ್ತ ಮೇನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಯನ್ನೇ ಹ್ಯಾಂಡಲ್ಲಿಗೆ ಕಟ್ಟಿದರು. ಹಿಡಿಕೆ ಮೇಲಕ್ಕೆತ್ತಿದರೆ ಚಾಲು, ಕೆಳಗೆಳೆದರೆ ಬಂದ್. ಪೆಟ್ಟಿಗೆಯ ಮೇಲೆ ತಲೆಬುರುಡೆ, ಎರಡು ಎಲುಬು, ಅಪಾಯ ಎಂದು ಕೆಂಪಕ್ಷರ. ಅದನ್ನು ಅಳಿಸಿರಿ ಎಂದೆ. ಇರಲಿ, ಬ್ರೇಕ್ ಸರಿಯಿಲ್ಲ, ಜನ ತಾವೇ ಸರಿಯುತ್ತಾರೆ ಎಂದರು.

ಮಹಾನವಮಿಗೆ ಮಸ್ಕಿಯಿಂದ ನಮ್ಮವರ ಅಕ್ಕ ಹಂಪಮ್ಮ ಬಂದಳು. ಅತ್ತೆ ಮಾವ ತೀರಿಕೊಂಡ ಮೇಲೆ ಈ ಮನೆಗೆ ಅವಳೇ ಹಿರಿಯಳು. ದೇವರ ವಿಷಯದಲ್ಲಿ ಅವಳ ಮಾತು ಮಸ್ಕಿಯ ಗುಡ್ಡದ ಮೇಲಿನ ಹಳೆಯ ರಾಜನ ಶಾಸನದಂತೆ, ಯಾರೂ ಪೂರ್ತಿ ಓದಿಲ್ಲ ಆದರೆ ಎಲ್ಲರೂ ಒಪ್ಪುತ್ತಾರೆ. ಸೈಕಲ್ಲಿಗೆ ಹಾರ ಹಾಕಿ, ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ನೀರನ್ನು ಡೈನಮೋದ ಮೇಲೆ ಹಾಕಲು ಹೋದಳು. ನಮ್ಮವರು ಅಡ್ಡ ಬಂದು ತಲೆ ಕೊಟ್ಟರು. ಕಾಯಿನೀರೆಲ್ಲ ಕೂದಲಿನಿಂದ ಇಳಿದು ಅಂಗಿಗೆ ಹೋಯಿತು, ಡೈನಮೋ ಉಳಿಯಿತು.

ಮೊದಲ ಸವಾರಿಗೆ ಸೊಸೆ ಬೇಡ, ಗಂಡಸು ಕೂಡಲಿ ಎಂದು ಅಕ್ಕ ಅಪ್ಪಣೆ ಕೊಟ್ಟಳು. ಮುಕ್ಕುಂದದ ದುರುಗಪ್ಪ ಎಂಬ ರೈತ ರಿಪೇರಿಗೆ ಕೊಟ್ಟಿದ್ದ ಮೋಟರು ತಗೊಂಡು ಹೋಗಲು ಬಂದವನು, ಹಬ್ಬದ ದಿನ ಕೆಲಸವಿಲ್ಲವೆಂದು ತಿಳಿದು ಹೋಳಿಗೆಗಾಗಿ ಉಳಿದಿದ್ದ. ಹೊಸ ಧೋತರ, ದೊಡ್ಡ ಮೀಸೆ. ನಾ ಕುಂದ್ರತೀನಿ ಬಿಡ್ರಿ ಎಂದು ಹತ್ತಿ ಕೂತು, ಮೀಸೆ ಸವರಿ, ಹಿಡಿಕೆ ಎತ್ತಿದ.

ಸೈಕಲ್ಲು ಹಿಂದಕ್ಕೆ ಹೊರಟಿತು.

ಮೆಲ್ಲಗಲ್ಲ, ದಾರಿ ತಿಳಿದವರು ಹೋಗುವ ಹಾಗೆ ನಿಶ್ಚಯವಾಗಿ ಹೊರಟಿತು. ಗಾಲಿ ಹಿಂದಕ್ಕೆ ತಿರುಗಿದರೆ ಪೆಡಲೂ ಹಿಂದಕ್ಕೆ ತಿರುಗುತ್ತವೆ ಎಂದು ಆ ದಿನ ನಮಗೆಲ್ಲ ತಿಳಿಯಿತು, ದುರುಗಪ್ಪನ ಮೊಣಕಾಲಿನ ಕೆಳಗಿನ ಎಲುಬಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಅವನು ಎರಡೂ ಕಾಲು ಮೇಲಕ್ಕೆತ್ತಿಕೊಂಡು, ನಮ್ಮ ಕಡೆಗೇ ಮುಖ ಮಾಡಿ, ನಮ್ಮಿಂದ ದೂರ ದೂರ ಹೋಗುತ್ತ ರಂಗೋಲಿ ದಾಟಿ, ಎಮ್ಮೆಯ ಕಲಗಚ್ಚಿನ ಬಾನಿಯಲ್ಲಿ ಕೂತ. ಎಮ್ಮೆ ಒಂದು ಹೆಜ್ಜೆ ಸರಿದು ಜಾಗ ಬಿಟ್ಟಿತು. ದುರುಗಪ್ಪ ಬಾನಿಯಲ್ಲೇ ಕೂತು ಸಾವಕಾಶವಾಗಿ ಕೇಳಿದ.

"ಮೇಸ್ತ್ರಿ, ಇದರ ಮ್ಯಾಲ ಮುಕ್ಕುಂದಕ್ಕ ಹೋಗಬೇಕಂದ್ರ ಯಾವ ಕಡಿ ಮುಖ ಮಾಡಿ ಹತ್ತಬೇಕ್ರಿ?"

ಯಾರೂ ನಗಲಿಲ್ಲ, ಏಕೆಂದರೆ ಅಕ್ಕ ನಿಂಬೆಹಣ್ಣು ನೋಡುತ್ತಿದ್ದಳು. ಅದು ಇಟ್ಟಲ್ಲೇ ಇತ್ತು, ದುಂಡಗೆ, ಹಳದಿಯಾಗಿ, ಏನೂ ಆಗದಂತೆ.

"ತಮ್ಮಾ, ಹಣ್ಣು ಒಡೀಲಿಲ್ಲ. ಹಣ್ಣು ಒಡೀಲಾರದ ಗಾಡಿ ಮ್ಯಾಲ ಮನಿ ಸೊಸಿನ್ನ ಕಳಸಂಗಿಲ್ಲ ನಾ."

ನನಗೆ ಸೋಮವಾರ ಕಣ್ಣ ಮುಂದೆ ಬಂತು. ನಮ್ಮವರು ಕಾಯಿನೀರು ಒರೆಸಿಕೊಳ್ಳುತ್ತ, ಬೀಗ ಹಾಕಿದ ಅಂಗಡಿಯ ಮುಂದೆ ನಿಂತ ಗಿರಾಕಿಯಂತೆ ನಿಂತಿದ್ದರು. ಅಕ್ಕ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬಾಗಿ ಹಣ್ಣು ತಗೊಂಡಳು, ಹೋಗಿ ಹಿಂದಿನ ಗಾಲಿಯ ಹಿಂದೆ ಇಟ್ಟಳು.

"ಒಡೀಬೇಕಂತ ಹೇಳ್ಯಾರ. ಯಾವ ಕಡಿ ಅಂತ ಯಾರೂ ಹೇಳಿಲ್ಲ. ಹತ್ತಲೇ ದುರುಗಪ್ಪ."

ಹಣ್ಣು ಒಡೆಯಿತು. ಶಾಸ್ತ್ರ ಮುಗಿಯಿತು. ದುರುಗಪ್ಪ ಎರಡನೆಯ ಸಲ ಬಾನಿಗೆ ಹೋದ, ಆದರೆ ಈ ಸಲ ಎಮ್ಮೆ ಮೊದಲೇ ಸರಿದಿತ್ತು.

ಹಿಂದಕ್ಕೆ ಹೋಗುವುದು ಅಂಥ ಅವಮಾನದ ಸಂಗತಿಯೇನಲ್ಲ ಎಂದು ನಾನು ಆಮೇಲೆ ವಿಚಾರ ಮಾಡಿದ್ದೇನೆ. ನಮ್ಮ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಂಗಸರು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಮುಂದಕ್ಕೆ ನಡೆದರೆ ಹಚ್ಚಿದ ಸಸಿಯನ್ನೇ ತುಳಿಯಬೇಕಾಗುತ್ತದೆ. ಸಗಣಿ ಹಾಕಿ ನೆಲ ಸಾರಿಸುವವಳೂ ಹಿಂದಕ್ಕೇ ಸರಿಯಬೇಕು. ಹೊಸ ಮದುಮಗಳಾಗಿ ನಾನು ಒಮ್ಮೆ ಬಾಗಿಲಿನಿಂದ ಆರಂಭಿಸಿ ಒಳಗೋಡೆಯವರೆಗೆ ಸಾರಿಸುತ್ತ ಹೋಗಿ, ನೆಲ ಆರುವವರೆಗೆ ಮೂಲೆಯಲ್ಲಿ ನಿಂತಿದ್ದೆ. ಹಿಂದೆ ಕಪಿಲೆ ಬಾವಿಗಳಲ್ಲಿ ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ಹೋಗಿ ನೀರೆಳೆದು, ಮತ್ತೆ ಹಿಂದಕ್ಕೇ ಹತ್ತಿ ಬರುತ್ತಿದ್ದವಂತೆ. ಊಟ ಮಾಡುವವರೆಲ್ಲ ಹೀಗೆ ಹಿಂದಕ್ಕೆ ನಡೆದವರ ಋಣದಲ್ಲಿದ್ದೇವೆ. ಆದರೆ ಅಂಗನವಾಡಿಗೆ ಹಿಂದಕ್ಕೆ ಹೋಗಲು ಬರುವುದಿಲ್ಲ. ಕಾಲುವೆ ದಂಡೆ ಕಿರಿದು, ನನ್ನ ಬೆನ್ನಿಗೆ ಕಣ್ಣಿಲ್ಲ.

ಮರುದಿನದಿಂದ ರಿಪೇರಿ. ಔಷಧ ಗೊತ್ತೇ ಇತ್ತಲ್ಲ, ನಮ್ಮವರು ಬ್ಯಾಟರಿಯ ಎರಡು ವೈರು ಅದಲುಬದಲು ಮಾಡಿದರು. ಸೈಕಲ್ಲು ಹಿಂದಕ್ಕೆ ಹೋಯಿತು. ಮತ್ತೆ ಮೊದಲಿನಂತೆ ಮಾಡಿದರು. ಹಿಂದಕ್ಕೇ ಹೋಯಿತು. ಸುದ್ದಿ ಹರಡಿ ಅಂಗಡಿಗೆ ಜನ ಬರತೊಡಗಿದರು. ಮೋಟರು ಸುಟ್ಟವರೂ ಬಂದರು, ಸುಡದವರೂ ಬಂದರು. ಎಲ್ಲರೂ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ಗಂಭೀರವಾಗಿ ಒಂದೇ ಮಾತು ಹೇಳುತ್ತಿದ್ದರು, ಎರಡು ವೈರ್ ಬದಲಿ ಮಾಡಿ ನೋಡ್ರಿ ಮೇಸ್ತ್ರಿ. ಮಾಡೀನ್ರಿ ಎಂದರೆ ನಂಬದೆ ತಾವೇ ಮಾಡಿ ನೋಡುತ್ತಿದ್ದರು. ಜೀವನವೆಲ್ಲ ನಡೆದು ಬಂದ ಮಂತ್ರ ಈ ಗಂಟುಮೋರೆಯ ಡೈನಮೋದ ಮುಂದೆ ನಡೆಯದ್ದಕ್ಕೆ ಅವರಿಗೆ ನಮಗಿಂತ ಹೆಚ್ಚು ನೋವಾಯಿತು. ಚಹಾದಂಗಡಿಯವನು ಮಾತ್ರ ಸಂತೋಷವಾಗಿದ್ದ.

ಇದರ ಕಾರಣ ನಮ್ಮವರು ಮುಂದೆ ನನಗೆ ಬಿಡಿಸಿ ಹೇಳಿದರು, ನನಗೆ ತಿಳಿದಂತೆ ನಿಮಗೆ ಹೇಳುತ್ತೇನೆ. ಪಂಪ್‌ಸೆಟ್ಟಿನ ಮೋಟರಿನ ಜಾತಿ ಬೇರೆ, ಡೈನಮೋದ ಜಾತಿ ಬೇರೆ. ಡೈನಮೋದೊಳಗೆ ಎರಡು ಸುರುಳಿ, ಒಂದು ತಿರುಗುವುದು, ಒಂದು ಕೂತಿರುವುದು, ಗಂಡ ಹೆಂಡತಿ ಇದ್ದ ಹಾಗೆ. ಬ್ಯಾಟರಿಯ ವೈರು ಬದಲಿಸಿದರೆ ಎರಡೂ ಒಮ್ಮೆಲೇ ಮನಸ್ಸು ಬದಲಿಸುತ್ತವೆ. ಜಾತ್ರೆಗೆ ಹೋಗೋಣ ಎಂದು ನಾನು, ಬೇಡ ಎಂದು ಅವರು. ಸ್ವಲ್ಪ ಹೊತ್ತಿನ ಮೇಲೆ ಆಯ್ತು ಹೋಗೋಣ ಎಂದು ಅವರು, ಈಗ ನಾನು ಬರುವುದಿಲ್ಲ ಎಂದು ನಾನು. ಇಬ್ಬರೂ ಬದಲಾದೆವು, ಜಗಳ ಮಾತ್ರ ಹಾಗೇ ಉಳಿಯಿತು. ಒಬ್ಬರು ಬದಲಾಗಿ ಇನ್ನೊಬ್ಬರು ಹಾಗೇ ಇದ್ದರಷ್ಟೇ ದಿಕ್ಕು ಬದಲಾಗುತ್ತದೆ. ಇದು ತಿಳಿಯಲು ಸಿಂಧನೂರಿಗೆ ಒಂದು ವಾರ ಬೇಕಾಯಿತು, ನಮಗೆ ಸಂಸಾರ ಪೂರ್ತಿ.

ಭಾನುವಾರ ಮಧ್ಯಾಹ್ನ ನಮ್ಮವರು ಕೈಚೆಲ್ಲಿದರು. ನಾಳೆ ಸೋಮವಾರ. ಊಟ ಬೇಡವೆಂದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಇದು ಅವರ ಹಳೆಯ ಚಾಳಿ. ಸಿಟ್ಟು ಬಂದರೆ ಕೂಗುವವರಲ್ಲ, ಹೊಡೆಯುವವರಲ್ಲ, ಗೋಡೆಗೆ ಮುಖ ಮಾಡುವವರು. ಮುನಿಸು ಇಳಿದಾಗ ತಾವಾಗಿಯೇ ಈ ಕಡೆ ಹೊರಳಿ ಚಹಾ ಕೇಳುತ್ತಿದ್ದರು. ನಾನು ಅಂಗಳಕ್ಕೆ ಬಂದೆ. ಸೈಕಲ್ಲು ನಿಂತಿತ್ತು. ಆ ಮೂಗಿಲ್ಲದ ತಲೆಬುರುಡೆ ಹಲ್ಲು ಕಿರಿಯುತ್ತಿತ್ತು. ನನಗೆ ಯಾಕೋ ಅಳು ಬರುವ ಬದಲು ಸಿಟ್ಟು ಬಂತು. ಒಳಗೆ ಹೋಗಿ ಅವರ ಬೆನ್ನಿಗೆ ಹೇಳಿದೆ.

"ಅದಕ್ಕೂ ನಿಮ್ಮಂಗ ಸಿಟ್ಟು ಬಂದೈತಿ. ಅದರ ಮುಖಾನೂ ಆಕಡಿ ಗ್ವಾಡಿಗೆ ತಿರುವಿ ಕುಂದ್ರಸ್ರಿ, ತಣ್ಣಗಾಕ್ಕೈತಿ."

ಬೆನ್ನು ಎದ್ದು ಕೂತಿತು.

"ಏನಂದಿ ನೀ?"

ನಾನು ಏನೂ ಅಂದಿರಲಿಲ್ಲ, ಬೈದಿದ್ದೆ ಅಷ್ಟೆ. ಅವರು ಓಡಿ ಹೋಗಿ ನಟ್ಟು ಬಿಚ್ಚುವ ಪಾನಾ ಹಿಡಿದರು. ಡೈನಮೋದ ಮೂತಿ ಎಡಗಡೆಗಿತ್ತು. ಬಿಚ್ಚಿ, ಹೊರಳಿಸಿ, ಮೂತಿ ಬಲಗಡೆ ಬರುವಂತೆ ಕೂಡಿಸಿದರು. ಅದು ತನ್ನ ಪಾಡಿಗೆ ಮೊದಲಿನಂತೆಯೇ ತಿರುಗಿತು, ಹಟ ಬಿಡಲಿಲ್ಲ. ಆದರೆ ಅದು ತಿರುಗಿ ಕೂತದ್ದರಿಂದ ಟೈರಿಗೆ ಅದರ ಹಟ ಮುಂದಿನ ದಾರಿಯಾಯಿತು. ಸೈಕಲ್ಲು ಮುಂದಕ್ಕೆ ಹೊರಟಿತು. ಎಮ್ಮೆ ಅಭ್ಯಾಸಬಲದಿಂದ ಸರಿದು ನಿಂತು, ಏನೂ ಬಾರದ್ದನ್ನು ಕಂಡು ಬೇಸರಪಟ್ಟಂತೆ ಕಂಡಿತು.

ಸೋಮವಾರ ಕಾಲುವೆ ದಂಡೆಯ ಮೇಲೆ ನಾನು ಹೋದದ್ದನ್ನು ನೀವು ನೋಡಬೇಕಿತ್ತು. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದೆ ತಲೆಬುರುಡೆ, ಹಿಂದೆ ಗುರ್ ಎನ್ನುವ ಡೈನಮೋ. ನಾಟಿ ಹಚ್ಚುವವರು ಸೊಂಟ ನೇರ ಮಾಡಿ ನೋಡಿದರು. ಟೀಚರ್ ಬಂದ್ಲು ಎಂದು ಮಕ್ಕಳು ಊರ ಹೊರಗಿಂದಲೇ ಹಿಂದೆ ಓಡಿ ಬಂದವು. ಹಿಡಿಕೆ ಕೆಳಗೆಳೆಯಲು ಮರೆತು ಅಂಗನವಾಡಿಯನ್ನು ದಾಟಿ ಮುಂದೆ ಹೋಗಿ, ಕಣದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದೆ. ಆದರೂ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದೆ. ಸೂಪರ್ವೈಜರ್ ಬಾಯಿ ಗಡಿಯಾರ ನೋಡಿದರು, ತಲೆಬುರುಡೆ ನೋಡಿದರು, ಸಹಿ ಹಾಕಿದರು.

ಆಮೇಲೆ ಇಂಥ ಸಾಮಾನು ಕೂಡಿಸಿಕೊಡಿ ಎಂದು ಬೇರೆಯವರೂ ಕೇಳಿದರು. ಮೊದಲು ಬಂದವನು ದುರುಗಪ್ಪನೇ. ಉರುಳೆಗೆ ಹಳೆಯ ಟ್ಯೂಬು ಸುತ್ತಿದರೆ ಮಳೆಯಲ್ಲಿ ಜಾರುವುದಿಲ್ಲವೆಂದು ಕಂಡುಹಿಡಿದವನೂ ಅವನೇ. ನಮ್ಮವರು ಪ್ರತಿ ಸೈಕಲ್ಲನ್ನೂ ಮೊದಲು ಬೇಕೆಂದೇ ಉಲ್ಟಾ ಕೂಡಿಸಿ, ಹಿಂದಿನ ಗಾಲಿಯ ಹಿಂದೆ ನಿಂಬೆಹಣ್ಣು ಇಟ್ಟು ಒಡೆಸಿ, ಆಮೇಲೆ ತಿರುಗಿಸಿ ಕೊಡುತ್ತಿದ್ದರು. ಯಾಕೆ ಎಂದರೆ, ಒಮ್ಮೆ ಹಿಂದಕ್ಕೆ ಹೋಗಿ ಬಂದದ್ದು ಮುಂದೆ ಕೈಕೊಡುವುದಿಲ್ಲ ಎನ್ನುತ್ತಿದ್ದರು.

ಈ ವರ್ಷ ಕಾರಹುಣ್ಣಿಮೆ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಪಲ್ಯಕ್ಕೆ ಉಪ್ಪು ಕಡಿಮೆ ಎಂದಿದ್ದರು, ಡಬ್ಬಿ ಅಲ್ಲೇ ಐತಿ ಹಾಕ್ಕೋರಿ ಎಂದಿದ್ದೆ. ದಿನದ ಮಾತು. ತಾವಾಗಿಯೇ ಹೊರಳುತ್ತಾರೆಂದು ಚಹಾ ಇಟ್ಟುಕೊಂಡು ಕಾದೆ. ಚಹಾ ಆರಿತು. ಅವರು ಹೊರಳಲಿಲ್ಲ.

ಅದಾದ ಮೇಲೆ ನಾನು ಸೈಕಲ್ ಮುಟ್ಟಲಿಲ್ಲ, ಅಂಗನವಾಡಿಗೂ ಹೋಗಲಿಲ್ಲ. ಸೂಪರ್ವೈಜರ್ ಬಾಯಿ ಎರಡು ಸಲ ಹೇಳಿಕಳಿಸಿದರು. ಮಹಾನವಮಿ ಬಂತು. ಮನೆಯಲ್ಲಿ ಹಬ್ಬವಿಲ್ಲ. ಆದರೂ ಹಂಪಮ್ಮಕ್ಕ ಮಸ್ಕಿಯಿಂದ ಬಂದಳು, ಹೆಗಲ ಚೀಲದಲ್ಲಿ ನಿಂಬೆಹಣ್ಣು. ವರ್ಷ ತುಂಬಿಲ್ಲವಲ್ಲ ಅಕ್ಕ ಎಂದೆ.

"ಸೂತಕ ಮನಷ್ಯಾರಿಗೆ. ಸೈಕಲ್ಲಿಗೆ ಎಲ್ಲೈತಿ?" ಎಂದಳು.

ಹೋಳಿಗೆ ಇಲ್ಲ, ಹಾರ ಇಲ್ಲ. ಸೈಕಲ್ಲನ್ನು ತೊಳೆದೆವು. ಬ್ಯಾಟರಿಯನ್ನು ದುರುಗಪ್ಪ ಮೊದಲೇ ಒಯ್ದು ಚಾರ್ಜ್ ಮಾಡಿಸಿ ತಂದು ಇಟ್ಟಿದ್ದ, ಯಾರಿಗೂ ಹೇಳಿರಲಿಲ್ಲ. ಅಕ್ಕ ಹಣ್ಣನ್ನು ತಾನು ಇಡದೆ ನನ್ನ ಕೈಯಲ್ಲಿ ಕೊಟ್ಟಳು. ಹಿಂದಿನ ಗಾಲಿಯ ಹಿಂದೆ ಇಟ್ಟೆ. ಆಮೇಲೆ ಇನ್ನೊಂದು ಹಣ್ಣು ಕೇಳಿ ಇಸಕೊಂಡು ಮುಂದಿನ ಗಾಲಿಯ ಮುಂದೆಯೂ ಇಟ್ಟೆ.

"ಎರಡ್ಯಾಕ ಬೇ?"

"ಅವರು ಯಾವ ಕಡಿ ಹೋಗ್ಯಾರೋ ಗೊತ್ತಿಲ್ಲಲ್ಲಕ್ಕ."

ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು. ನಾನು ಹತ್ತಿ ಕೂತು ಹಿಡಿಕೆ ಎತ್ತಿದೆ. ಗುರ್ ಎಂದಿತು. ಮುಂದಿನ ಹಣ್ಣು ಪಚ್ಚೆಂದಿತು. ಓಣಿಯ ತುದಿಯವರೆಗೆ ಹೋಗಿ, ತಿರುಗಿಸಿಕೊಂಡು ಬಂದು, ಸೈಕಲ್ಲನ್ನು ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿದೆ. ಸೋಮವಾರ ಹೊರಡಲು ಅನುಕೂಲ.

ಹಿಂದಿನ ಹಣ್ಣು ಇಟ್ಟಲ್ಲೇ ಉಳಿದಿತ್ತು, ದುಂಡಗೆ. ಅದನ್ನು ತೊಳೆದು ಒಳಗೆ ಒಯ್ದು, ಅಕ್ಕನಿಗೂ ನನಗೂ ಪಾನಕ ಮಾಡಿದೆ. ಅವಳು ಒಂದು ಗುಟುಕು ಕುಡಿದು, ಉಪ್ಪು ಕಡಿಮಿ ಆಗೇತಿ ಎಂದಳು. ಈ ಮನೆಯಲ್ಲಿ ಉಪ್ಪಿನ ಮಾತೆತ್ತುವವರು ಇನ್ನೂ ಒಬ್ಬರಿದ್ದಾರೆಂದು ನನಗೆ ಒಳಗೊಳಗೇ ಹಿತವಾಯಿತು. ಎದ್ದು ಹೋಗಿ ಡಬ್ಬಿ ತಂದು ನಾನೇ ಹಾಕಿದೆ.